ಮೂರನೇದಕ್ಕ ಕೈ ಹಚ್ಚಬ್ಯಾಡ

ಅಡುಗೆಯವನ ತಪ್ಪನ್ನು ಜನ ಉಂಡು, ನೀರು ಕುಡಿದು ಮರೆತುಬಿಡುತ್ತಾರೆ. ಫೋಟೋದವನ ತಪ್ಪಿಗೆ ಮಾತ್ರ ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ಹೊಡೆಯುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಯಾವ ಕಡೆ ಹೋದರೂ ನನ್ನ ಒಂದಲ್ಲ ಒಂದು ತಪ್ಪು ಗೋಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿರುತ್ತದೆ. ಇಪ್ಪತ್ತು ವರ್ಷದ ಕಸುಬು, ಬರಬರುತ್ತ ತಪ್ಪು ಕಡಿಮೆಯಾದೀತೆಂದು ಕಾದೆ. ಆಗಲಿಲ್ಲ. ಕ್ಯಾಮರಾ ಹೊಸದಾದಂತೆ ತಪ್ಪುಗಳೂ ಹೊಸವು ಹುಟ್ಟಿದವು.

ಹೊಸ ಕ್ಯಾಮರಾ ಎಂದರೆ ನನಗೆ ಹೊಸದು. ಶಹಾಬಾದದಲ್ಲಿ ಸ್ಟುಡಿಯೋ ಮುಚ್ಚಿದ ಒಬ್ಬ ಹಿರಿಯರಿಂದ ತಂದದ್ದು. ಈ ಭಾಗದ ಫೋಟೋದವರೆಲ್ಲ ಅವರನ್ನು ಉಸ್ತಾದ ಎಂದೇ ಕರೆಯುತ್ತೇವೆ. ಕ್ಯಾಮರಾದ ನೆತ್ತಿಯ ಮೇಲೆ ಒಂದು ಸಣ್ಣ ಚಕ್ರ, ಅದರ ಮೇಲೆ ಸಿ-ಒಂದು, ಸಿ-ಎರಡು, ಸಿ-ಮೂರು ಎಂದು ಬರೆದಿದೆ. ಬೆಳಕು, ವೇಗ ಎಲ್ಲವನ್ನೂ ನಮಗೆ ಬೇಕಾದಂತೆ ಹೊಂದಿಸಿ ಆ ಮೂರು ಮನೆಗಳಲ್ಲಿ ಇಟ್ಟುಬಿಟ್ಟರೆ, ಆಮೇಲೆ ಚಕ್ರ ತಿರುಗಿಸಿದರೆ ಸಾಕು, ಕ್ಷಣದಲ್ಲಿ ತಯಾರು. ಉಸ್ತಾದರು ಮೊದಲೇ ಹೊಂದಿಸಿ ಇಟ್ಟಿದ್ದರು. ಒಂದನೆಯದು ಕಲ್ಯಾಣಮಂಟಪದ ಕತ್ತಲ ಹಾಲಿನೊಳಗಿನ ಮದುವೆಗೆ, ಎರಡನೆಯದು ಓಡುವಂಥದ್ದಕ್ಕೆ, ಒತ್ತಿ ಹಿಡಿದರೆ ಒಂದರ ಹಿಂದೊಂದು ಇಪ್ಪತ್ತು ಫೋಟೋ ಬೀಳುತ್ತವೆ ಎಂದು ಹೇಳಿಕೊಟ್ಟರು. ಕೊನೆಗೆ, "ಮೂರನೇದು ನಂದು. ಅದಕ್ಕ ಕೈ ಹಚ್ಚಬ್ಯಾಡ" ಅಂದರು. ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಕ್ಯಾಮರಾ ಮನೆಗೆ ಬಂದ ದಿನ ನನ್ನ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಮಾತು ಕೇಳಿದಳು.

"ಇದರಾಗರ ನೀವು ಬರ್ತೀರೇನು?"

ಅವಳ ಸಿಟ್ಟು ಸುಳ್ಳಲ್ಲ. ಅವಳ ತವರಿನ ಎಲ್ಲ ಕಾರ್ಯದ ಫೋಟೋ ತೆಗೆಯುವವನು ನಾನೇ. ಹಾಗಾಗಿ ಇಪ್ಪತ್ತು ವರ್ಷದ ಒಂದು ಆಲ್ಬಮ್ಮಿನಲ್ಲೂ ನಾನಿಲ್ಲ. ಪ್ರತಿ ಫೋಟೋದಲ್ಲೂ ಅಕ್ಕ ಭಾವ, ಅಣ್ಣ ಅತ್ತಿಗೆ ಜೋಡಿ ಜೋಡಿ ನಿಂತಿದ್ದಾರೆ, ಇವಳೊಬ್ಬಳೇ ಒಂಟಿ. ಚಂದ್ರಂಪಳ್ಳಿಯಲ್ಲಿ ಅವಳ ಸೋದರತ್ತೆ ಇದ್ದಾರೆ. ಮೊಣಕಾಲು ನೋವು ಶುರುವಾದ ಮೇಲೆ ಯಾವ ಕಾರ್ಯಕ್ಕೂ ಬರುವುದಿಲ್ಲ, ಫೋಟೋ ತರಿಸಿ ನೋಡುತ್ತಾರೆ. ನೋಡಿದ ಮೇಲೆ ಫೋನು ಮಾಡಿ, ಈ ಸಲವೂ ಗಂಡ ಬಂದಿಲ್ಲವೇ, ಮನೆಯಲ್ಲಿ ಎಲ್ಲ ಸರಿ ಇದೆಯೋ ಇಲ್ಲವೋ ಎಂದು ಕೇಳುತ್ತಾರೆ. ಅವನೇ ಫೋಟೋ ತೆಗೆದವನು ಎಂದು ಇವಳು ಎಷ್ಟು ಹೇಳಿದರೂ ಮುದುಕಿಗೆ ಸಮಾಧಾನವಿಲ್ಲ. "ಅಂವನ ಮಾರಿ ನಾ ಎಲ್ಲಿ ನೋಡೀನವ್ವ? ಮದುವ್ಯಾಗ ಬಾಸಿಂಗದ ಹಿಂದಿತ್ತು, ಆಮ್ಯಾಲ ಕ್ಯಾಮರಾದ ಹಿಂದದ" ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಹೆಂಡತಿಗೆ ಸಾಕಾಗಿತ್ತು. ನಾನು ನಕ್ಕು ಹಾರಿಸಿದೆ. ಆಗ ನನಗೆ ಚಿಂತೆಯಾಗಿದ್ದು ಆ ಮೂರು ಸಿಗಳದು ಮಾತ್ರ.

ವಾಡಿಯ ಕಡೆಯ ಡಬ್ಬಿ

ಮಾಲಗಾಡಿಯ ಗಾರ್ಡ್ ಒಬ್ಬರು ನಿವೃತ್ತರಾದರು. ಅವರಿಗೆ ಹಾರ, ಶಾಲು ಯಾವುದರ ಫೋಟೋವೂ ಬೇಕಿರಲಿಲ್ಲ. ತಮ್ಮ ಇಡೀ ಜೀವನ ಗಾಡಿಯ ಕಡೆಯ ಡಬ್ಬಿಯಲ್ಲಿ ಕಳೆದಿದೆ, ತಾವು ಹಸಿರು ಬಾವುಟದ ನಿಶಾನಿ ಹಿಡಿದು ನಿಂತಿರಬೇಕು, ಹಿಂದೆ ಆ ಕಡೆಯ ಡಬ್ಬಿ ಹಾಯಬೇಕು, ಅದೊಂದೇ ಫೋಟೋ ಸಾಕು ಅಂದರು. ಸ್ಟೇಶನ್ನಿನವರ ಒಪ್ಪಿಗೆ ತೆಗೆದುಕೊಂಡು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತೆವು. ಮಾಲಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ ಹಾಯುತ್ತಲೇ ಇದೆ. ನಾನು ಪರೀಕ್ಷೆಗೆಂದು ಒಂದೆರಡು ತೆಗೆದು ನೋಡಿದರೆ ಗಾಡಿ ಕಲೆಸಿದ ಹಿಟ್ಟಿನಂತೆ ಬಂದಿದೆ. ಚಕ್ರ ಇನ್ನೂ ಮದುವೆ ಹಾಲಿನ ಒಂದರ ಮೇಲೇ ಇದೆ.

ಕಡೆಯ ಡಬ್ಬಿ ದೂರದಲ್ಲಿ ಕಂಡಿತು. ಗಡಬಡಿಸಿ ಎರಡಕ್ಕೆ ತಿರುಗಿಸಿದೆ, ಅದು ಒಂದು ಹೆಜ್ಜೆ ಮುಂದೆ ಜಾರಿ ಮೂರಕ್ಕೆ ಹೋಗಿ ಕೂತಿತು. ಒತ್ತಿದೆ. ಫೋಟೋ ಬೀಳಲಿಲ್ಲ. ಕ್ಯಾಮರಾದ ಮೂತಿಯಲ್ಲಿ ಕೆಂಪು ದೀಪ ಮಿಣಮಿಣ ಎನ್ನತೊಡಗಿತು, ಒಳಗೆ ಪೀ ಪೀ ಎಂಬ ಸದ್ದು. ಗಾರ್ಡ್ ಸಾಹೇಬರು ಉಸಿರು ಹಿಡಿದು ನಿಶಾನಿ ಎತ್ತಿ ನಿಂತೇ ಇದ್ದಾರೆ. ಡಬ್ಬಿ ಅವರ ಹಿಂದೆ ಬಂತು, ಹಾಯ್ತು, ಹೋಯಿತು. ಪೂರಾ ಹತ್ತು ಸೆಕೆಂಡು ಕಳೆದ ಮೇಲೆ ಕ್ಯಾಮರಾ ತಾನಾಗಿ ಒಂದು ಫೋಟೋ ತೆಗೆಯಿತು. ಅದರಲ್ಲಿ ಹಸಿರು ನಿಶಾನಿ ಇತ್ತು, ಖಾಲಿ ಹಳಿ ಇತ್ತು, ಹಳಿ ದಾಟುತ್ತಿದ್ದ ಒಂದು ನಾಯಿ ಇತ್ತು.

ಬೈಗುಳಕ್ಕೆ ತಯಾರಾಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇಡೀ ನೌಕರಿ ತುಂಬ ಮಂದಿ ನನಗ ಲೇಟ್, ಲೇಟ್ ಅಂತ ಬೈದಾರ. ನನಕಿಂತ ಲೇಟ್ ಮನಷ್ಯಾ ಒಬ್ಬಾಂವ ಇದ್ದಾನಂತ ಇವತ್ತ ಗೊತ್ತಾತು. ಇನ್ನ ಆರಾಮ ಮನಿಗಿ ಹೋಗ್ತೀನಿ."

ಚಿತ್ತಾಪುರದ ವರ

ಮೂರರ ಸುದ್ದಿ ಬೇಡವೆಂದು ನಾನು ಚಕ್ರವನ್ನು ಒಂದು ಮತ್ತು ಎರಡರ ನಡುವೆಯೇ ಆಡಿಸತೊಡಗಿದೆ. ಆಗ ಎರಡು ಕೈಕೊಟ್ಟಿತು.

ಚಿತ್ತಾಪುರದ ತಾಯಿಯೊಬ್ಬರು ಮಗನ ಫೋಟೋಕ್ಕೆ ಮನೆಗೆ ಕರೆಸಿದ್ದರು. ತಾಂಡೂರಿನ ಕಡೆಯ ಹೆಣ್ಣಿನವರಿಗೆ ಕಳಿಸಬೇಕಿತ್ತು. ಮೊದಲು ಎರಡು ಕಡೆ ಫೋಟೋ ಹೋಗಿ ವಾಪಸು ಬಂದಿತ್ತಂತೆ. ಹುಡುಗ ಒಳ್ಳೆಯವನೇ, ಆದರೆ ಕ್ಯಾಮರಾ ಕಂಡರೆ ಠಾಣೆಯಲ್ಲಿ ನಿಲ್ಲಿಸಿದವರ ಹಾಗೆ ಮುಖ ಮಾಡುತ್ತಿದ್ದ. ಈ ಸಲ ಚಂದ ಬರಲೇಬೇಕು ಎಂದು ತಾಯಿ ಅವನ ಕಾಲರು ಎಳೆದರು, ತಲೆ ಬಾಚಿದರು, ಪೌಡರು ಬಳಿದರು. ಪೌಡರು ಮೂಗಿಗೆ ಹೋಗಿ ಅವನು ಸೀನಿದ, ಸೀನಿನ ಜೋರಿಗೆ ಬಾಚಣಿಗೆ ತಾಯಿಯ ಕೈಯಿಂದ ಹಾರಿತು, ಅದನ್ನು ನೋಡಿ ಅವನಿಗೇ ನಗು ಬಂತು. ನಾನು ಒಂದೇ ಒಂದು ಫೋಟೋ ಒತ್ತಿ ನೋಡೋಣವೆಂದು ಬೆರಳಿಟ್ಟಿದ್ದೆ. ಚಕ್ರ ಎರಡರ ಮೇಲಿತ್ತು. ಬೆರಳು ಎತ್ತುವುದರೊಳಗೆ ಟಕಟಕಟಕ ಎಂದು ಸೀನು, ಬಾಚಣಿಗೆ, ನಗು ಎಲ್ಲ ಬಿದ್ದುಹೋದವು.

ಆಮೇಲೆ ನೆಟ್ಟಗೆ ಕೂರಿಸಿ ಒಂದು ಗಂಭೀರ ಫೋಟೋ ತೆಗೆದೆ. ಎಲ್ಲವನ್ನೂ ತಾಯಿಯ ಫೋನಿಗೆ ಹಾಕಿದೆ. ಯಾವುದನ್ನು ಕಳಿಸಬೇಕೆಂದು ತಿಳಿಯದೆ ಅವರು ಎಲ್ಲವನ್ನೂ ತಾಂಡೂರಿಗೆ ಕಳಿಸಿಬಿಟ್ಟರು. ಇದು ನನಗೆ ಆಮೇಲೆ ಗೊತ್ತಾಯಿತು. ಹುಡುಗನ ಮದುವೆ ನನ್ನ ಕೈಯಿಂದ ಕೆಟ್ಟಿತಲ್ಲ ಎಂದು ಎಂಟು ದಿನ ಚಿತ್ತಾಪುರದ ಕಡೆ ತಲೆ ಹಾಕಲಿಲ್ಲ.

ಒಂಬತ್ತನೆಯ ದಿನ ಆ ತಾಯಿಯೇ ಸ್ಟುಡಿಯೋಕ್ಕೆ ಬಂದರು, ಕೈಯಲ್ಲಿ ಪೇಢೆಯ ಡಬ್ಬಿ. ಹುಡುಗಿ ಗಂಭೀರ ಫೋಟೋವನ್ನು ಬದಿಗಿಟ್ಟು, ಸೀನಿದ ಮೇಲೆ ನಕ್ಕ ಫೋಟೋವನ್ನು ನೋಡಿ, ಇಂಥವನ ಜೊತೆ ಬಾಳಬಹುದು ಅಂದಳಂತೆ. ಅವರ ಹಿಂದೆ ಇನ್ನೊಬ್ಬ ಯುವಕ ನಿಂತಿದ್ದ.

"ಇಂವ ನನ್ನ ಎರಡನೇ ಮಗ. ಇವಂದೂ ಹಂಗೇ ತಪ್ಪು ಮಾಡಿ ತಗೀರಿ."

ಐನಾಪುರದ ಆಕಳು

ಹೀಗಾದರೆ ಕಸುಬು ಉಳಿಯುವುದಿಲ್ಲವೆಂದು ನಾನೊಂದು ಉಪಾಯ ಮಾಡಿದೆ. ಹೆಂಡತಿ ಹಣೆಗೆ ಹಚ್ಚುವ ಟಿಕಳಿಯ ಪಾಕೀಟಿನಿಂದ ಮೂರು ಬಣ್ಣದ ಟಿಕಳಿ ತೆಗೆದು, ಒಂದಕ್ಕೆ ಕೆಂಪು, ಎರಡಕ್ಕೆ ಹಸಿರು, ಆ ಅಪಶಕುನದ ಮೂರಕ್ಕೆ ಕಪ್ಪು ಅಂಟಿಸಿದೆ. ಇನ್ನು ಕುರುಡನೂ ತಪ್ಪುವಂತಿಲ್ಲ.

ಐನಾಪುರದಲ್ಲಿ ಹೊಸ ಮನೆಯ ಪ್ರವೇಶ. ಮೊದಲು ಆಕಳು ಒಳಗೆ ಬರಬೇಕು, ಅದು ಹೊಸಿಲು ದಾಟುವ ಫೋಟೋ ಬೇಕೇ ಬೇಕು ಎಂದು ಮನೆಯ ಹಿರಿಯಜ್ಜಿ ಹೇಳಿಟ್ಟಿದ್ದರು. ನಾನು ಹಸಿರು ಟಿಕಳಿಗೆ ಚಕ್ರ ಹಚ್ಚಿ, ಕ್ಯಾಮರಾವನ್ನು ಜಗಲಿಯ ಮೇಲಿಟ್ಟು ಚಹಾ ಕುಡಿಯಲು ಹೋದೆ. ತಿರುಗಿ ಬರುವುದರೊಳಗೆ ಎಲ್ಲ ಮುಗಿದುಹೋಗಿತ್ತು. ಕ್ಯಾಮರಾದ ಮೇಲಿನ ಟಿಕಳಿ ನೋಡಿದ ಅಜ್ಜಿ, ಯಾರೋ ಪೂಜೆ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದಾರೆಂದು ತಿಳಿದು ಅದನ್ನು ಪೂರ್ತಿ ಮಾಡಿದ್ದರು. ನೆತ್ತಿಗೆ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಮೂರು ಟಿಕಳಿಯೂ ಕಾಣುತ್ತಿಲ್ಲ, ಚಕ್ರ ಎತ್ತ ತಿರುಗಿದೆಯೋ ತಿಳಿಯುತ್ತಿಲ್ಲ. ಒರೆಸಲು ಹೋದರೆ ಅಜ್ಜಿ ಕಣ್ಣು ಬಿಟ್ಟರು. ಅಷ್ಟರಲ್ಲಿ ಆಕಳು ಬಂದೇಬಿಟ್ಟಿತು.

ದೇವರ ಮೇಲೆ ಭಾರ ಹಾಕಿ ಒತ್ತಿದೆ. ಪೀ ಪೀ ಪೀ. ನನಗೆ ಆ ಸದ್ದಿನ ಗುರುತು ಈಗ ಚೆನ್ನಾಗಿತ್ತು. ಒತ್ತಿದ ಹತ್ತು ಸೆಕೆಂಡಿನ ಮೇಲೆ ಫೋಟೋ ಬೀಳುವ ಈ ಹೊಂದಿಕೆ ಯಾವ ಕಸುಬಿನವನಿಗೆ ಬೇಕು, ಉಸ್ತಾದರಂಥ ಜಾಣರು ಇದನ್ನು ಯಾಕೆ ಕಾಪಾಡಿಕೊಂಡು ಬಂದರು ಎಂದು ನನಗೆ ತಿಳಿಯಲೇ ಇಲ್ಲ. ಹತ್ತು ಸೆಕೆಂಡು ಆಕಳಿಗೆ ಸಾಕಾಗಿತ್ತು. ಅದು ಹೊಸಿಲು ದಾಟಿ ಅಡುಗೆಮನೆಯ ಕಡೆ ನಡೆದಿತ್ತು. ಫೋಟೋದಲ್ಲಿ ಬಂದದ್ದು ಬಾಲ ಮತ್ತು ಅದರ ಆಚೀಚೆ.

ಅಜ್ಜಿ ಕ್ಯಾಮರಾದ ಪರದೆಯಲ್ಲೇ ಫೋಟೋ ನೋಡಿ ಮಕ್ಕಳನ್ನೆಲ್ಲ ಕರೆದರು. ನಾನು ಚಪ್ಪಲಿ ಎಲ್ಲಿದೆಯೆಂದು ನೋಡಿಕೊಂಡೆ.

"ನೋಡ್ರಿ, ಎಲ್ಲಾರೂ ಮಾರಿ ತಗೀತಾರ. ಲಕ್ಷ್ಮಿ ಇರೋದು ಆಕಳ ಬಾಲದ ಕಡಿ ಅಂತ ಇವರೊಬ್ಬರಿಗೇ ಗೊತ್ತದ. ಇದನ್ನ ದೊಡ್ಡದು ಮಾಡಿ ಕೊಡ್ರಿ."

ಆ ಮನೆಗೆ ಹೋದರೆ ಬಾಗಿಲ ಎದುರಿಗೇ ಈಗಲೂ ಆಕಳ ಹಿಂಭಾಗ ಕಾಣುತ್ತದೆ. ಬಂದವರು ಕೈಮುಗಿದು ಒಳಗೆ ಹೋಗುತ್ತಾರೆ.

ಚಿಂಚೋಳಿಯಲ್ಲಿ ನಾನು

ಆಕಳ ಪ್ರಸಂಗವಾದ ಮೇಲೆ ನಾನು ಮೂರನೆಯದನ್ನು ಅಳಿಸಿಹಾಕಿದೆ. ಒಂದು, ಎರಡು, ಮೂರು ಯಾವುದಕ್ಕೆ ತಿರುಗಿಸಿದರೂ ಮದುವೆ ಹಾಲಿನ ಹೊಂದಿಕೆಯೇ ಬರುವ ಹಾಗೆ ಮಾಡಿದೆ. ಒಂದು ವಾರ ನೆಮ್ಮದಿಯಿಂದ ನಿದ್ದೆ ಬಂತು.

ಆ ವಾರವೇ ಹೆಂಡತಿಯ ಅಕ್ಕನ ಮಗಳ ಮದುವೆ ನಿಶ್ಚಯ ಚಿಂಚೋಳಿಯಲ್ಲಿ ಎಂದು ಗೊತ್ತಾಯಿತು. ಹೆಂಡತಿ ಈ ಸಲ ಸಿಟ್ಟು ಮಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಮೆತ್ತಗೆ ಹೇಳಿದಳು.

"ಒಂದೇ ಒಂದು ಫೋಟೋದಾಗ ನನ್ನ ಬಾಜೂಕ ನಿಂದ್ರಿ. ಸೋದರತ್ತಿಗಿ ಅದನ್ನ ಕಳಿಸಿ ಬಿಡ್ತೀನಿ. ಈ ಸಲನೂ ನೀವು ಇಲ್ಲಂದ್ರ ಆ ಕ್ಯಾಮರಾ ಚಂದ್ರಂಪಳ್ಳಿ ಕೆರ್‍ಯಾಗ ಹೋಗ್ತದ."

ಆಗ ತಲೆಗೆ ಹೊಳೆಯಿತು. ಹತ್ತು ಸೆಕೆಂಡು. ಒತ್ತಿ ಓಡಿಹೋಗಿ ನಿಲ್ಲಲಿಕ್ಕೆ ಅದೇ ಬೇಕಲ್ಲ. ಅದನ್ನೇ ಅಳಿಸಿ ಕೂತಿದ್ದೆ. ಮತ್ತೆ ಹೊಂದಿಸಲು ಕ್ಯಾಮರಾದ ಒಳಗಿನ ಪಟ್ಟಿಗಳಲ್ಲಿ ಹೊಕ್ಕರೆ ಹೊಕ್ಕ ದಾರಿಯೂ ಮರೆಯಿತು. ನಿಶ್ಚಯದ ದಿನ ಬೆಳಿಗ್ಗೆ ನಾಚಿಕೆ ಬಿಟ್ಟು ಉಸ್ತಾದರಿಗೆ ಫೋನು ಮಾಡಿ, ಮೂರನೆಯದನ್ನು ಕಳೆದೆನೆಂದು ಒಪ್ಪಿಕೊಂಡೆ.

ಅವರು ಅಂದರು, "ನಲವತ್ತು ವರ್ಷ ಊರ ಮಂದೀದೆಲ್ಲಾ ತಗದೆ. ನಂದು ಒಂದೂ ಇದ್ದಿಲ್ಲ. ಬೇಗಂ ಜಗಳಾಡಿದ್ಳು. ಅದಕ್ಕ ಮೂರನೇದು ನಮ್ಮಿಬ್ಬರಿಗಂತ ಇಟ್ಟಿದ್ದೆ. ಒತ್ತೋದು, ಹೋಗಿ ಅಕಿ ಬಾಜೂಕ ನಿಂದ್ರೋದು. ಈಗ ಅಕಿ ಇಲ್ಲ. ನೀ ಹೋಗಿ ನಿಂದ್ರು."

ಅವರ ಮೂರನೆಯದನ್ನು ನಾನು ಅಪಶಕುನ ಅಂದಿದ್ದೆ, ಕಪ್ಪು ಟಿಕಳಿ ಹಚ್ಚಿದ್ದೆ. ಅವರು ಮಾತ್ರ ನಗುತ್ತ, ಯಾವ ಗುಂಡಿ ಆದ ಮೇಲೆ ಯಾವ ಗುಂಡಿ ಎಂದು ಒಂದೊಂದೇ ಹೇಳಿ ಎಲ್ಲವನ್ನೂ ಮತ್ತೆ ಕೂರಿಸಿಕೊಟ್ಟರು.

ನಿಶ್ಚಯ ಮುಗಿಯಿತು. ಅಂಗಳದಲ್ಲಿ ಎರಡೂ ಮನೆಯವರು ಸಾಲಾಗಿ ನಿಂತರು. ಹೆಂಡತಿ ನಟ್ಟನಡುವೆ ನಿಂತು, ಪಕ್ಕದಲ್ಲಿ ನನಗೆ ಜಾಗ ಬಿಟ್ಟುಕೊಂಡು, ಅಲ್ಲಿಗೆ ಬಂದವರನ್ನೆಲ್ಲ ಮೊಣಕೈಯಿಂದ ಆಚೆ ತಳ್ಳುತ್ತಿದ್ದಳು. ಕ್ಯಾಮರಾ ಸ್ಟ್ಯಾಂಡಿನ ಮೇಲೆ. ಚಕ್ರ ಮೂರರ ಮೇಲಿದೆಯೆಂದು ನಾಲ್ಕು ಸಲ ನೋಡಿದೆ. ಒತ್ತಿದೆ. ಪೀ ಪೀ ಎಂಬ ಸದ್ದು ಮೊದಲ ಸಲ ಕಿವಿಗೆ ಹಿತವಾಯಿತು. ಓಡಿದೆ. ಹೆಂಡತಿಯ ಮುಂದೆ ಬಂದು ಇನ್ನೇನು ತಿರುಗಿ ನಿಲ್ಲಬೇಕು, ಅಷ್ಟರಲ್ಲಿ ವರನ ಕಾಕಾನ ತಲೆಯ ರುಮಾಲು ವಾರೆಯಾದದ್ದು ಕಂಡಿತು. ಹಿಂದಿನ ಸಾಲಿನ ಇಬ್ಬರು ಊಟದ ಕಡೆ ನೋಡುತ್ತಿದ್ದರು. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲೆ ಹೋಯಿತು, ಎಲ್ಲರೂ ಈ ಕಡೆ ನೋಡಿ ನಗಬೇಕೆಂದು ಕೂಗಿದೆ. ಎಲ್ಲರೂ ನೋಡಿ ನಕ್ಕರು. ಹಿಂದೆ ಟಕ್ ಎಂದಿತು.

ಫೋಟೋ ಬಿತ್ತು ಎನ್ನುವ ಸಂತೋಷದಲ್ಲಿ ನಾನು ನೋಡಲೂ ಇಲ್ಲ. ಎಲೆ ಹಾಕಿದ್ದಾರೆಂದು ಜನ ಆಗಲೇ ಚದುರಿದ್ದರು. ಹೆಂಡತಿಯ ಫೋನಿಗೆ ಹಾಕಿದೆ. ಅವಳ ಕಣ್ಣಿನ ಚಾಳೀಸು ಮನೆಯಲ್ಲೇ ಉಳಿದಿತ್ತು, ಅವಳೂ ನೋಡದೆ ಚಂದ್ರಂಪಳ್ಳಿಗೆ ಕಳಿಸಿದಳು. ಹೋಳಿಗೆ ಎಲೆಗೆ ಬೀಳುವುದರೊಳಗೆ ಅತ್ತೆಯ ಫೋನು ಬಂತು. ನಾನೂ ಕೇಳಲಿ ಎಂದು ಹೆಂಡತಿ ಸ್ಪೀಕರು ಹಾಕಿದಳು.

"ಬಂದದವ್ವ ಫೋಟೋ. ನಡಬರಕ ಬೆನ್ನು ಮಾಡಿ, ಕೈ ಎತ್ತಿ ನಿಂತಾನಲ್ಲ, ಅಂವ ನಿನ್ನ ಗಂಡ ಹೌದಿಲ್ಲೋ? ಮಾರಿ ನೋಡಿಲ್ಲ ಖರೇ, ಬೆನ್ನು ಭಾಳ ಗುರ್ತದ. ಮೊಣಕಾಲು ನೆಟ್ಟಗಿದ್ದಾಗ ನಾ ಬಂದ ಎಲ್ಲಾ ಮದುವ್ಯಾಗೂ ಇದೇ ಬೆನ್ನು ಮುಂದ ಬಂದು ನನಗ ಒಂದು ಮದುಮಗಳೂ ಕಂಡಿಲ್ಲ."

ಹೆಂಡತಿ ತುತ್ತು ಕೆಳಗಿಟ್ಟು ನನ್ನನ್ನು ನೋಡಿದಳು. ನಾನು ಫೋನು ತೆಗೆದು ಫೋಟೋ ನೋಡಿದೆ. ನಡುವೆ ನನ್ನ ಬೆನ್ನು ಗೋಡೆಯಂತೆ ನಿಂತಿತ್ತು. ಅದರ ಆಚೆ ಹೆಂಡತಿಯ ಸೀರೆಯ ಅಂಚು ಎರಡು ಬೆರಳಿನಷ್ಟು ಕಾಣುತ್ತಿತ್ತು.

ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ.

"ಗಂಡ ಬಂದಾನ, ಭಾಳ ಛಲೋ ಆತು. ನೀ ಯಾಕ ಬರಲಿಲ್ಲವ್ವ? ಮನ್ಯಾಗ ಎಲ್ಲಾ ಸರಿ ಅದ ಇಲ್ಲೋ?"