ಗುಂಡ್ಲುಪೇಟೆಗೆ ಮದುವೆ ಕಳಿಸುವ ಮಿಷನ್ನು

ಇವತ್ತು ನಗೆಪಾಟಲಾಗಬೇಕು ಅಂದುಕೊಂಡು ಯಾರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಿಲ್ಲ. ನಮ್ಮ ಅಂಗಡಿಯಲ್ಲಿ ಮಾತ್ರ ಬಾಗಿಲು ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ಅದು ತಾನಾಗಿ ಒದಗಿ ಬರುತ್ತಿತ್ತು.

ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾನೂ ನನ್ನ ಪಾಲುದಾರನೂ ಮದುವೆ ಆಲ್ಬಮ್ ಡಿಸೈನ್ ಮಾಡುತ್ತಿದ್ದೆವು. ಸ್ಟುಡಿಯೊದವರು ಫೋಟೋ ಕೊಡುವುದು, ನಾವು ಗಂಡು ಹೆಣ್ಣಿನ ಹಿಂದೆ ಜಲಪಾತ, ಹಂಸ, ತಾಜಮಹಲು ಎಲ್ಲ ಕೂರಿಸಿ ಪುಟ ಮಾಡುವುದು, ಅವರು ಅದನ್ನು ಮದುವೆ ಮನೆಯವರಿಗೆ ತೋರಿಸಿ ಮೈಸೂರಿನ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸುವುದು. ಅರ್ಧಕ್ಕರ್ಧ ಕೆಲಸ ಬರುತ್ತಿದ್ದದ್ದು ಗುಂಡ್ಲುಪೇಟೆಯ ಒಂದೇ ಸ್ಟುಡಿಯೊದಿಂದ. ಅದರ ಮಾಲೀಕರನ್ನು ನಾವು ಅಣ್ಣ ಅನ್ನುತ್ತಿದ್ದೆವು. ಕೆಲಸ ಕಲಿಯುವ ಕಾಲದಲ್ಲಿ ನಾವು ಮದುಮಗನ ತಲೆ ಮೇಲೇ ಹಂಸ ಕೂರಿಸಿದ ಪುಟಗಳನ್ನೂ ಬೈದುಕೊಂಡೇ ಒಪ್ಪಿಸಿಕೊಂಡವರು ಅವರು. ಮುಂದೆ ಅವರ ಬಗ್ಗೆ ಎಷ್ಟೇ ನಕ್ಕರೂ, ನಮ್ಮ ಎರಡು ಮನೆಯ ಒಲೆ ಉರಿದದ್ದು ಅವರಿಂದ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಕೇರಳ ನೋಡಿ ಬಂದ ಮದುವೆ

ಒಂದು ಆಲ್ಬಮ್ಮಿನ ಪುಟಗಳು ಇಮೇಲಿನಲ್ಲಿ ಹೋಗುವಂಥವಲ್ಲ, ಅಷ್ಟು ಭಾರ. ಹಾಗಾಗಿ ಸಿ.ಡಿ.ಗೆ ಹಾಕಿ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅಣ್ಣನಿಗೆ ಫೋನ್ ಮಾಡುತ್ತಿದ್ದೆವು. ಅವರು ಅಲ್ಲಿ ಬಸ್ಸಿಗೆ ಕಾದಿದ್ದು ಇಸಿದುಕೊಳ್ಳುತ್ತಿದ್ದರು. ಕಂಡಕ್ಟರ್‌ಗಳು ಒಂದು ಟೀ ಕೂಡ ಕೇಳದೆ ಎಷ್ಟು ಮದುವೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದರೋ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಒಂದು ದಿನ ಕೊಟ್ಟ ಬಸ್ಸು ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವಂಥದ್ದು. ಅಣ್ಣ ಸ್ಟ್ಯಾಂಡಿನಲ್ಲೇ ಇದ್ದರು, ಆದರೆ ಅವರ ಗಮನ ಬಾಣಲೆಯಿಂದ ಆಗತಾನೆ ಎದ್ದ ಬಜ್ಜಿಯ ಮೇಲಿತ್ತು. ಬಸ್ಸು ಹೊರಟುಹೋಯಿತು. ಸಿ.ಡಿ. ಕಾಡು ದಾಟಿ, ಕೇರಳದಲ್ಲಿ ಒಂದು ರಾತ್ರಿ ಉಳಿದು, ಮಾರನೆಯ ದಿನ ವಾಪಸು ಬಂತು. ಅಷ್ಟರಲ್ಲಿ ಅಣ್ಣನ ಫೋನು.

"ಮದ್ವೆಯೋರು ಸ್ಟುಡಿಯೊ ಮುಂದೆ ಕೂತವ್ರೆ ಕಣಪ್ಪ. ಮೈಸೂರ್ನೋರು ಅದೇನೋ ಇಂಟರ್ನೆಟ್ಟಲ್ಲೇ ಕಳಿಸ್ತರಂತೆ. ಈ ಕಾರ್ತೀಕದ ಮದ್ವೆಗಳ್ನ ನೀವೂ ಅಂಗೇ ಕಳಿಸಂಗಿದ್ರೆ ಸರಿ. ಇಲ್ಲಾಂದ್ರೆ ನಾನು ಅವ್ರತ್ರಕ್ಕೇ ಓಯ್ತೀನಿ. ಬ್ಯಾಸರ ಮಾಡ್ಕಬ್ಯಾಡಿ."

ನಾನು ಬಾಡಿಗೆ ಲೆಕ್ಕ ಹಾಕತೊಡಗಿದೆ. ಅವರು ಹೋದರೆ ನಾವು ಕೋಣೆ ಖಾಲಿ ಮಾಡಬೇಕಿತ್ತು. ಪಾಲುದಾರ ಮಾತ್ರ ಬೇರೇನೋ ಯೋಚನೆ ಮಾಡುತ್ತಾ ಕೂತಿದ್ದ.

"ಪಾಪ ಕಣ್ಲಾ," ಅಂದ. "ಗಂಡು ಹೆಣ್ಣು ಇನ್ನೂ ಊಟಿಗೂ ಓಗಿಲ್ಲ. ಅವ್ರ ಆಲ್ಬಮ್ಮು ಆಗ್ಲೇ ಕೇರಳ ನೋಡ್ಕಂಡು ಬಂತು."

ಟವೆಲ್ ಹಾಕಿದ ಸೀಟು

ಹರವೆಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬನಿದ್ದ, ಕಂಪ್ಯೂಟರ್ ರಿಪೇರಿಯವನು. ಇಂಟರ್ನೆಟ್ಟಿನಲ್ಲಿ ಆಲ್ಬಮ್ ಕಳಿಸಲು ಸರ್ವರ್ ಬೇಕಂತೆ ಅಂದಾಗ ಅವನು ನಕ್ಕ.

"ಸರ್ವರ್ ಅಂದ್ರೆ ಆಕಾಸದಿಂದ ಇಳಿಯಾದಲ್ಲ ಕಣ್ಲಾ. ಮೂಲೇಲಿ ಬಿದ್ದದಲ್ಲ ಆ ಹಳೇ ಡಬ್ಬ, ಅದ್ಕೆ ಎರಡು ದೊಡ್ಡ ಹಾರ್ಡ್‌ಡಿಸ್ಕ್ ಆಕಿ ಯಾವತ್ತೂ ಆರಿಸ್ದಂಗೆ ಮಡಗಿದ್ರೆ ಅದೇ ಸರ್ವರ್ರು."

ಮೂರು ದಿನ ಕೂತು ಮಾಡಿಕೊಟ್ಟ. ಗಿರಾಕಿಗಳು ತಮ್ಮೂರಿನ ಕಂಪ್ಯೂಟರಿನಲ್ಲಿ ನಮ್ಮ ಡಬ್ಬದ ನಂಬರು ಒತ್ತಿದರೆ ಸಾಕು, ಅದರೊಳಗಿನ ಪುಟಗಳನ್ನು ತಾವೇ ಎಳೆದುಕೊಳ್ಳಬಹುದು. ಕೂಲಿ ಎಷ್ಟು ಅಂತ ಕೇಳಿದರೆ, "ಮುಂದಿನ ವರ್ಸ ನನ್ನ ಮದ್ವೆ ಆದ್ರೆ ಆಲ್ಬಮ್ ಮಾಡ್ಕೊಡು, ಹಂಸ ಬ್ಯಾಡ" ಅಂದ. ಇದ್ದ ಷರತ್ತು ಒಂದೇ, ಡಬ್ಬವನ್ನು ಆರಿಸಬಾರದು.

ಪಾಲುದಾರನ ತಂದೆ ನಿವೃತ್ತ ಮೇಷ್ಟ್ರು. ಮಧ್ಯಾಹ್ನ ಊಟ ಮಾಡಿ ನಮ್ಮ ಕೋಣೆಯಲ್ಲಿ ಪೇಪರ್ ಓದಲು ಬರುತ್ತಿದ್ದರು. ಆಳಿಲ್ಲದ ಕಡೆ ಫ್ಯಾನು ತಿರುಗಿದರೂ ಅವರ ಹೊಟ್ಟೆ ಉರಿಯುತ್ತಿತ್ತು. "ಯಾರೂ ಕೂತಿಲ್ಲ, ಸುಮ್ನೆ ಯಾಕೆ ಓಡ್ಬೇಕು?" ಅಂತ ಸರ್ವರನ್ನು ಪಟಕ್ಕನೆ ಆರಿಸಿಬಿಡುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಅರ್ಧ ಧಾರೆ ಎರೆದ ಮದುವೆ ಅಲ್ಲೇ ನಿಂತುಹೋಗುತ್ತಿತ್ತು. "ಇದನ್ನು ಆರಿಸಬಾರದು" ಅಂತ ಸ್ಲೇಟಿನಲ್ಲಿ ಬರೆದು ಅದರ ಮೇಲೆ ತೂಗುಹಾಕಿದೆವು. ಮೂವತ್ತು ವರ್ಷ ಬೋರ್ಡು ಒರೆಸಿ ಮನೆಗೆ ಹೋದ ಕೈ ಅದು. ಸಂಜೆ ನೋಡಿದರೆ ಸರ್ವರ್ ಆರಿತ್ತು, ಸ್ಲೇಟೂ ಶುದ್ಧವಾಗಿತ್ತು.

ಕೊನೆಗೆ ಉಪಾಯ ಹೊಳೆದದ್ದು ಪಾಲುದಾರನಿಗೆ. ನಮ್ಮ ಕಡೆ ಬಸ್ಸು ಎಷ್ಟೇ ತುಂಬಿರಲಿ, ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಸರ್ವರ್ ಮುಂದೆ ಒಂದು ಕುರ್ಚಿ ಹಾಕಿ ಅದರ ಮೇಲೆ ಕೆಂಪು ಟವೆಲ್ ಹರಡಿದೆವು. ಮೇಷ್ಟ್ರು ಬಂದರು, ಟವೆಲ್ ನೋಡಿದರು, ಯಾರೋ ಟೀಗೆ ಹೋಗಿದ್ದಾರೆ ಅಂದುಕೊಂಡು ಪೇಪರ್ ಬಿಡಿಸಿದರು. ಸರ್ವರ್ ಉಳಿಯಿತು.

ನಾಲ್ಕನೆಯ ದಿನ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಆ ಟವೆಲ್ ಹಾಕಿ ಹೋದೋನು ಮೂರು ದಿನದಿಂದ ಸೀಟಿಗೆ ಬಂದಿಲ್ಲಪ್ಪ. ಇಂಥೋರನ್ನೆಲ್ಲ ಇಟ್ಕೊಂಡು ಅಂಗಡಿ ಹೇಗೆ ನಡೆಸ್ತೀರಿ?"

ಒಣಗದ ಪೇಂಟು

ಇನ್ನೊಂದು ತೊಡಕಿತ್ತು. ಕರೆಂಟು ಹೋಗಿ ಬಂದರೆ ನಮ್ಮ ಡಬ್ಬದ ನಂಬರು ತಾನಾಗಿ ಬದಲಾಗುತ್ತಿತ್ತು. ಯುಪಿಎಸ್ ಅರ್ಧ ಗಂಟೆ ಎಳೆಯುತ್ತಿತ್ತು, ನಮ್ಮೂರ ಕರೆಂಟು ಹೋದರೆ ಮೂರು ಗಂಟೆ. ಹೊಸ ನಂಬರನ್ನು ಪ್ರತಿ ಸಲ ಫೋನಿನಲ್ಲಿ ಓದಿ ಹೇಳುತ್ತಿದ್ದೆ.

ಅಣ್ಣನಿಗೆ ಇದು ಸರಿಬರಲಿಲ್ಲ. ಚೀಟಿಯಲ್ಲಿ ಬರೆದದ್ದು ಕಳೆದುಹೋಗುತ್ತದೆ ಅಂತ, ಬೋರ್ಡ್ ಬರೆಯುವ ಆರ್ಟಿಸ್ಟನ್ನು ಕರೆಸಿ, ಸ್ಟುಡಿಯೊ ಗೋಡೆಯ ಮೇಲೆ, ಚಾಮುಂಡೇಶ್ವರಿ ಫೋಟೋದ ಕೆಳಗೆ, ಆ ನಂಬರನ್ನು ಕೆಂಪು ಪೇಂಟಿನಲ್ಲಿ ನೆರಳು ಸಮೇತ ಬರೆಸಿದರು. ಬರೆಸಿ ಖುಷಿಯಿಂದ ಫೋನ್ ಮಾಡಿದರು. ನಾನು ಹೇಗೆ ಹೇಳಲಿ? ಆಗತಾನೆ ಕರೆಂಟು ಬಂದಿತ್ತು.

"ಅಣ್ಣ, ನಂಬರು ಬದಲಾಗಿದೆ."

"ಇನ್ನೂ ಪೇಂಟೇ ಒಣಗಿಲ್ವಲ್ಲಪ್ಪ!"

ಫೋನ್ ಆಫೀಸಿಗೆ ಅಲೆದು, ಬದಲಾಗದ ನಂಬರಿಗೆ ಅರ್ಜಿ ಹಾಕಿದೆವು. ಉಮ್ಮತ್ತೂರಿನಿಂದ ಬಸ್ಸಿಗೆ ಬರುವ ಲೈನ್‌ಮನ್ ಒಬ್ಬರು ನಮ್ಮ ಕಾಗದವನ್ನು ತಾವೇ ಮೇಜಿಂದ ಮೇಜಿಗೆ ಹೊತ್ತು ಮಾಡಿಸಿಕೊಟ್ಟರು. ಯಾಕೆ ಇಷ್ಟು ಕಷ್ಟಪಡುತ್ತೀರಿ ಅಂದರೆ, "ನಂಗೂ ಇಬ್ರು ಎಣ್ಮಕ್ಳವ್ರೆ, ಮದ್ವೆ ಕೆಲ್ಸ ನಿಲ್ಬಾರ್ದು" ಅಂದರು.

ಕಾಯಂ ನಂಬರು ಸಿಕ್ಕಿತು, ಇನ್ನು ಬದಲಾಗುವುದಿಲ್ಲ ಅಂತ ಅಣ್ಣನಿಗೆ ಆಣೆ ಮಾಡಿ ಹೇಳಿದೆ.

"ಸರಿ ಕಣಪ್ಪ," ಅಂದರು. "ಸೀಮೆಸುಣ್ಣದಲ್ಲಿ ಬರ್ಕಂಡಿವ್ನಿ. ಒಂದು ವರ್ಸ ನೋಡ್ತೀನಿ, ಆಮೇಲೆ ಪೇಂಟು."

ನೆಂದ ಇಂಟರ್ನೆಟ್ಟು

ನಂಬರು ನಿಂತಿತು, ಲೈನು ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಕಡಿದುಹೋಗುತ್ತಿತ್ತು, ಎರಡು ಗಂಟೆಗೆ ಸರಿಯಾಗಿ ವಾಪಸು. ಗೆಳೆಯ ಬಂದು ಡಬ್ಬ ಬಿಚ್ಚಿ ನೋಡಿದ. ಪಾಲುದಾರ ನಿಂಬೆಹಣ್ಣು ಕಟ್ಟಿದ. ಕೊನೆಗೆ ಅದೇ ಲೈನ್‌ಮನ್ ಬಂದು, ತಂತಿಯನ್ನೇ ಹಿಡಿದುಕೊಂಡು ತಾರಸಿಗೆ ಹತ್ತಿ, ಮೇಲಿಂದ ಕೂಗಿದರು.

"ಬನ್ನಿ ಸಾ ಇಲ್ಲಿ! ನಿಮ್ಮ ಇಂಟರ್ನೆಟ್ಟು ನೆಂದೋಗದೆ!"

ಕಟ್ಟಡದ ಒಡತಿಯಮ್ಮ ಬಟ್ಟೆ ಒಗೆದು, ಒದ್ದೆ ಸೀರೆಗಳನ್ನು ಫೋನ್ ತಂತಿಯ ಮೇಲೆ ಸಾಲಾಗಿ ಹರಡಿದ್ದರು. ನೀರು ಇಳಿದು ತಂತಿಯ ಹಳೇ ಗಂಟಿಗೆ ಸೇರುತ್ತಿತ್ತು. ಎರಡು ಗಂಟೆಗೆ ಸೀರೆ ಒಣಗುತ್ತಿತ್ತು, ಇಂಟರ್ನೆಟ್ಟೂ ಒಣಗುತ್ತಿತ್ತು.

ಅವರಿಗೆ ಹೇಳುವುದು ಹೇಗೆ? ಬಾಡಿಗೆದಾರರು ನಾವು. ಹೆದರಿಕೊಂಡೇ ಹೇಳಿದೆ. ಅವರು ಗಲ್ಲಕ್ಕೆ ಕೈಯಿಟ್ಟುಕೊಂಡರು. "ಅಯ್ಯೋ ಮಗ, ಮೊದ್ಲೇ ಯೋಳಬಾರ್ದಾ? ಒಂದ್ ಎಣ್ಣಿನ ಮದ್ವೆಗೆ ನಾನ್ ಅಡ್ಡ ಬಂದಂಗಾಯ್ತಲ್ಲ!"

ಲೈನ್‌ಮನ್ ಗಂಟನ್ನು ಹೊಸದಾಗಿ ಕಟ್ಟಿದರು, ಉಳಿದ ತಂತಿಯಲ್ಲಿ ಅಮ್ಮನಿಗೆ ಬೇರೆಯೇ ಒಂದು ಸಾಲು ಎಳೆದುಕೊಟ್ಟರು. ಆದರೂ ಅಮ್ಮನಿಗೆ ಧೈರ್ಯ ಸಾಲದು. ಆ ಮದುವೆ ಕಾಲವಿಡೀ ದಿನಾ ಬಕೆಟ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಇವತ್ತು ಯಾರ ಮದ್ವೆ ಓಯ್ತಾ ಅದೆ ಮಗ? ಅವ್ರು ಊರು ಮುಟ್ಟಿದ ಮೇಲೆ ಯೋಳು, ಸೀರೆ ಆಕ್ತೀನಿ."

ನೆಂಟರೆಲ್ಲ ಅವರೇ

ಎಲ್ಲ ಸರಿಹೋಯಿತು ಅನ್ನುವಾಗ ತಪ್ಪು ಮಾಡಿದವನು ನಾನು. ಒಂದೇ ವಾರದಲ್ಲಿ ಎರಡು ಮದುವೆ, ಎರಡೂ ಹೆಣ್ಣು ಉಮ್ಮತ್ತೂರಿನವು, ಒಂದೇ ಮನೆತನದ ದಾಯಾದಿ ಮಕ್ಕಳು. ಒಂದರ ಕೆಲಸ ಅಣ್ಣನದು, ಇನ್ನೊಂದು ಚಾಮರಾಜನಗರದ ಬೇರೆ ಸ್ಟುಡಿಯೊದ್ದು. ಎರಡನ್ನೂ ಸರ್ವರಿಗೆ ಹಾಕುವಾಗ ನಾನು ಅದಲುಬದಲು ಮಾಡಿಬಿಟ್ಟೆ.

ಅಣ್ಣ ಅದನ್ನೇ ಎಳೆದುಕೊಂಡು, ಹೆಣ್ಣಿನ ಕಡೆಯವರನ್ನೆಲ್ಲ ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದರು. ಒಂದು ಪುಟ, ಎರಡು ಪುಟ. "ದೊಡ್ಡಪ್ಪನ ಪೇಟ ನೋಡಿ", "ಅತ್ತೆ ನಗ್ತಾ ಅವ್ಳೆ", "ಇದು ನಾನೇ, ಪಾಯಸ ಬಡಿಸ್ತಾ ಇವ್ನಿ". ಹದಿನೆಂಟು ಪುಟ ಹೀಗೇ ಹೋಯಿತು. ಆಮೇಲೆ ಅಜ್ಜಿ ಕೇಳಿದರಂತೆ: "ಯಾಕೆ ಗಂಡು ಬ್ಯಾರೆ ತರ ಕಾಣ್ತಾನೆ?"

"ಕಂಪ್ಯೂಟ್ರಲ್ಲಿ ಬೆಳ್ಳಗೆ ಮಾಡವ್ರೆ ಕಣವ್ವ. ಈಗೆಲ್ಲ ಅಂಗೇ," ಅಂದರಂತೆ ಸೋದರಮಾವ. ಇನ್ನೂ ಎರಡು ಪುಟ ಆದ ಮೇಲೆ, ಅಲ್ಲಿಯವರೆಗೆ ನಾಚಿಕೊಂಡು ತಲೆ ತಗ್ಗಿಸಿದ್ದ ಮದುಮಗಳೇ ಕಣ್ಣೆತ್ತಿ ನೋಡಿ, ಎದ್ದು ನಿಂತು, "ಇದು ನಾನಲ್ಲ!" ಅಂತ ಅತ್ತಳಂತೆ.

ಅಣ್ಣನ ಫೋನ್ ಬಂದಾಗ ನಾನು ಎದ್ದು ನಿಂತು ಬೈಸಿಕೊಂಡೆ. "ಇನ್ನೊಂದೇ ಮದ್ವೆ ನೋಡ್ತೀನಿ. ಅದೂ ಇಂಗಾದ್ರೆ ನಿಮಗೊಂದು ಕೈ ಮುಗ್ದುಬುಡ್ತೀನಿ, ಅಷ್ಟೆ." ನಾನು ಮಾಡಿದ್ದು ಬೈಸಿಕೊಳ್ಳುವ ತಪ್ಪೇ. ಫೋನ್ ಇಡುವ ಮೊದಲು ಅಣ್ಣ ಸ್ವಲ್ಪ ದನಿ ಇಳಿಸಿದರು.

"ಒಂದ್ ಮಾತು. ಅದ್ರಲ್ಲಿ ಜಲಪಾತದ ಪುಟ ಅದಲ್ಲ, ಅದು ಇವ್ರಿಗೆ ಬಾಳ ಇಷ್ಟ ಆಗದೆ. ಗಂಡು ಎಣ್ಣನ್ನ ಮಾತ್ರ ಬದ್ಲಾಯ್ಸಿ, ಉಳಿದದ್ದು ಅಂಗೇ ಮಡಗಬೇಕಂತೆ."

ಕಡೇ ಮದುವೆ

ಆ ಇನ್ನೊಂದೇ ಮದುವೆ ಬಂತು. ಮೂವತ್ತಾರು ಪುಟ. ಪ್ರತಿ ಪುಟದ ಗಂಡನ್ನೂ ಹೆಣ್ಣನ್ನೂ ಲಗ್ನಪತ್ರಿಕೆಯ ಫೋಟೋ ಜೊತೆ ಹೋಲಿಸಿ ನೋಡಿ, ಗಿರಾಕಿಗೊಂದು ಪಾಸ್‌ವರ್ಡ್ ಹಾಕಿ, ಬೆಳಿಗ್ಗೆ ಹತ್ತಕ್ಕೆ ಅಣ್ಣನಿಗೆ ಹೇಳಿದೆ. ಅವರು ಎಳೆದುಕೊಳ್ಳಲು ಶುರುಮಾಡಿದರು. ಒಡತಿಯಮ್ಮ ಅವತ್ತು ಬಟ್ಟೆಯನ್ನೇ ಒಗೆಯಲಿಲ್ಲ. ಮೇಷ್ಟ್ರು ಪೇಪರನ್ನು ಮೆಟ್ಟಿಲ ಮೇಲೆ ಕೂತು ಓದಿದರು. ಒಂದೂವರೆಗೆ ಪೂರ್ತಿ ಹೋಗಿದೆ ಅಂತ ಸರ್ವರ್ ತೋರಿಸಿತು.

ಬಂತು ಅಂತ ಅಣ್ಣನ ಫೋನು ಬರಲಿಲ್ಲ. ಎರಡಕ್ಕೆ ಅವರ ಸ್ಟುಡಿಯೊಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೂರಕ್ಕೂ ಎತ್ತಲಿಲ್ಲ. "ಮುಗೀತು ಕಣ್ಲಾ," ಅಂದ ಪಾಲುದಾರ. "ಕೈ ಮುಗ್ದುಬುಟ್ರು."

ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಅಣ್ಣನೇ! ಎರಡೂ ಕೈಯಲ್ಲಿ, ಹೊದಿಕೆಯಲ್ಲಿ ಸುತ್ತಿದ ದೊಡ್ಡ ಗಂಟು. ಇಷ್ಟು ವರ್ಷ ನಾವು ಕೊಟ್ಟ ಸಿ.ಡಿ.ಗಳನ್ನೆಲ್ಲ ವಾಪಸು ತಂದಿದ್ದಾರೆ ಅಂದುಕೊಂಡು ನನಗೆ ಅಳುವೇ ಬಂತು. ಪಾಲುದಾರ ಕುಡಿಯಲು ನೀರು ಕೊಟ್ಟ. ಅಣ್ಣ ನೀರು ಕುಡಿದು, ಮೇಜಿನ ಮೇಲೆ ಗಂಟು ಬಿಚ್ಚಿದರು. ಒಳಗೆ ಅವರ ಸ್ಟುಡಿಯೊ ಕಂಪ್ಯೂಟರಿನ ಸಿಪಿಯು ಡಬ್ಬ!

"ತೆರಕಣಾಂಬಿ ರಸ್ತೆ ಗುಂಡೀಲಿ ಅಲ್ಲಾಡ್ದಂಗೆ ತೊಡೆ ಮೇಲೇ ಮಡಿಕ್ಕಂಡ್ ಬಂದಿವ್ನಿ," ಅಂದರು. "ನೀವು ಕಳಿಸಿದ್ದು ಎಲ್ಲಾ ಬಂದದಾ ನೋಡ್ಬುಡಿ. ನಾಳಿಕೆ ಲ್ಯಾಬಿಗೆ ಕೊಡ್ಬೇಕು."

ನಾನು ಕೇಳಿದೆ: "ಫೋನ್ ಮಾಡಿದ್ರೆ ಸಾಕಿತ್ತಲ್ಲಣ್ಣ?"

"ಫೋನಲ್ಲಿ ಕೇಳಿದ್ರೆ ಬಂದದೆ ಅಂತೀರಿ. ನಮ್ಮೂರಲ್ಲಿ ಈರುಳ್ಳಿ ಲೋಡ್ ಇಳಿಸ್ದಾಗ, ಕಳಿಸ್ದೋರ ಕಡೆಯೋನೂ ಇಳಿಸ್ಕಂಡೋನೂ ಇಬ್ರೂ ನಿಂತ್ಕಂಡು ಮೂಟೆ ಎಣಿಸ್ತರೆ. ಒಬ್ನೇ ಎಣಿಸಿದ್ರೆ ಅದು ಲೆಕ್ಕಾನಾ?"

ಸರಿ, ಡಬ್ಬಕ್ಕೆ ವೈರು ಚುಚ್ಚಿ ಕೂತೆವು. ಒಂದೊಂದೇ ಪುಟ ತೆಗೆದೆ, ಅಣ್ಣ ಬೆರಳು ಮಡಚಿ ಎಣಿಸಿದರು. ಮೂವತ್ತಾರಕ್ಕೆ ಮೂವತ್ತಾರೂ ಬಂದಿದ್ದವು, ಗಂಡೂ ಅದೇ, ಹೆಣ್ಣೂ ಅದೇ. ಅಣ್ಣ ಮಡಚಿದ ಬೆರಳು ಬಿಡಿಸಿ, "ಸರಿ. ಮಾಘದ ಮದ್ವೆಗಳೂ ನಿಮಗೇ" ಅಂದರು. ಅರ್ಧ ದಿನ ಸ್ಟುಡಿಯೊ ಬಾಗಿಲು ಮುಚ್ಚಿ, ಅಷ್ಟು ಭಾರ ಹೊತ್ತು, ನಮ್ಮ ಕೆಲಸ ಸರಿಯಾಗಿದೆಯೆಂದು ನಮ್ಮ ಕಣ್ಣಿಂದಲೇ ನೋಡಿಸಲು ಬಂದ ಆ ಮನುಷ್ಯನ ಕಾಲು ಮುಟ್ಟಬೇಕು ಅನ್ನಿಸಿತು.

ಹೊದಿಕೆ ಕೈಗೆತ್ತಿಕೊಂಡವರು ಏನೋ ನೆನಪಾಗಿ ತಿರುಗಿದರು. "ಇನ್ನೊಂದು ಮದ್ವೆ ಕೊಟ್ಟಿದ್ನಲ್ಲ, ಆಯ್ತಾ?"

"ಆಗಿದೆ ಅಣ್ಣ. ನಾಳೆ ಬೆಳಿಗ್ಗೆ ಸರ್ವರಿಗೆ ಹಾಕ್ತೀವಿ, ಮಧ್ಯಾಹ್ನದೊಳಗೆ ನಿಮ್ಮತ್ರ ಇರತ್ತೆ."

"ನಾಳೆ ಯಾಕೆ? ಎಂಗೂ ಡಬ್ಬ ತಂದಿವ್ನಲ್ಲ, ಇದ್ರೊಳಕ್ಕೇ ಆಕ್ಬುಡಿ."

ಹಾಕಿದೆವು. ಮೂರೂವರೆ ಗಂಟೆ ಹಿಡಿಯುವ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಅಣ್ಣ ಬೆರಗಾಗಿ, ಮೂಲೆಯಲ್ಲಿ ಗುಂಯ್ ಅನ್ನುತ್ತಿದ್ದ ನಮ್ಮ ಸರ್ವರನ್ನು ಪ್ರೀತಿಯಿಂದ ತಟ್ಟಿದರು.

"ನಿಮ್ಮ ಮಿಸನ್ನು ಪರವಾಗಿಲ್ಲ ಕಣ್ರಪ್ಪ. ಬಸ್ಸತ್ತಿ ಬಂದ್ರೆ ಇನ್ನೂ ಬಿರ್ರನೆ ಕೆಲ್ಸ ಮಾಡ್ತದೆ!"