ಸೂತಕ ಅಂದರೇನು ಅಂತ ಕೇಳಿದರು

ಹೊರದೇಶದಲ್ಲಿದ್ದರೆ ನಮ್ಮ ಮಾತುಗಳ ಅರ್ಥ ಹೇಳುವ ಚಾಕರಿ ತಪ್ಪುವುದಿಲ್ಲ. ಕರ್ಮ ಅಂದರೇನು, ಮಾಯೆ ಅಂದರೇನು ಅಂತ ಕಾಫಿ ಮಶೀನಿನ ಹತ್ತಿರ ಯಾರಾದರೂ ಹಿಡಿದುಕೊಳ್ಳುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಅಮ್ಮ ತೀರಿಕೊಂಡಾಗ ನಾನು ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆಯಲ್ಲಿ ಒಬ್ಬನೇ ಇದ್ದೆ. ಪರ್ಮಿಟ್ ನವೀಕರಣಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದರಿಂದ ಹೊರಡಲಾಗಲಿಲ್ಲ. ಅಣ್ಣ ಕೊಳ್ಳಿ ಇಟ್ಟ. ನನ್ನ ಪಾಲಿಗೆ ಉಳಿದದ್ದು ಹತ್ತು ದಿನದ ಸೂತಕ. ಅದನ್ನಾದರೂ ನೆಟ್ಟಗೆ ಹಿಡಿಯದಿದ್ದರೆ ಎಂಥ ಮಗ ನಾನು ಅಂತ ಹಟಕ್ಕೆ ಬಿದ್ದೆ. ಅಳು ಮಾತ್ರ ಬಂದಿರಲಿಲ್ಲ.

ರಜೆ

"ಸೂತಕ ಅಂದರೆ?" ಅಂದ ಮ್ಯಾನೇಜರ್.

"ಹತ್ತು ದಿನ ಯಾರ ಮನೆಗೂ ಹೋಗುವ ಹಾಗಿಲ್ಲ. ಯಾರೂ ನಮ್ಮನ್ನು ಮುಟ್ಟುವ ಹಾಗಿಲ್ಲ."

ಅವನು ನನ್ನ ರಜೆ ಅರ್ಜಿ ಪಕ್ಕಕ್ಕಿಟ್ಟ. "ಡಿವೋರ್ಸ್ ಆದಾಗಿನಿಂದ ನನಗೂ ಅದೇ. ನಾನು ದಿನಾ ಆಫೀಸಿಗೆ ಬರ್ತಿಲ್ವಾ?"

ಎರಡೇ ದಿನ ರಜೆ ಸಿಕ್ಕಿತು.

ಕೈಕುಲುಕು

ಸಾವಿನ ಸುದ್ದಿ ಕೇಳಿದರೆ ಇಲ್ಲಿನವರು ಮೊದಲು ಕೈ ಕುಲುಕುತ್ತಾರೆ. ನಮ್ಮ ವಿಭಾಗ ಸಾಲಾಗಿ ಬಂತು. ಜೇಬಿನಲ್ಲಿ ಅಡಗಿಸಿದ ಕೈಯನ್ನೂ ಬಿಡಲಿಲ್ಲ. ಪಕ್ಕದ ಸೀಟಿನ ಗೆಳೆಯ ಬೆಂಗಳೂರಿನವನು, ಮನೆಯಲ್ಲಿ ದಖನಿ ಉರ್ದು ಮಾತಾಡುವವನು. "ಮುಟ್ಟಿದವರೆಲ್ಲ ಸ್ನಾನ ಮಾಡ್ಬೇಕು ಕಣೋ" ಅಂತ ಅವನೆದುರು ಗೋಳಾಡಿದೆ.

"ಬೆಳಿಗ್ಗೆ ಎಲ್ರೂ ಮಾಡ್ಕೊಂಡೇ ಬಂದಿದ್ದಾರೆ ಬಿಡು ಯಾರ್. ಅಡ್ವಾನ್ಸ್ ಅಂದ್ಕೋ."

ಮೂಲ

ಮೈಸೂರಿನ ಸೋದರಮಾವನಿಗೆ ಫೋನ್ ಮಾಡಿದೆ. ನಿವೃತ್ತ ಸಂಸ್ಕೃತ ಮೇಷ್ಟ್ರು. "ಮಾವ, ಸೂತಕ ಕೆಟ್ಟುಹೋಯ್ತು. ಎಲ್ಲಾ ಮುಟ್ಟಿಬಿಟ್ರು."

"ಸೂತಿ ಅಂದ್ರೆ ಹೆರಿಗೆ ಕಣೋ. ಸೂತಕ ಅನ್ನೋ ಪದ ಹುಟ್ಟಿದ್ದು ಅಲ್ಲಿಂದ, ಸಾವಿನ ಮನೆಗೆ ಬಂದಿದ್ದು ಆಮೇಲೆ. ನೀನು ಹುಟ್ಟಿದಾಗ ನಮ್ಮಕ್ಕನ್ನೂ ಯಾರೂ ಮುಟ್ತಿರ್ಲಿಲ್ಲ. ನೀನೊಬ್ಬನೇ ಮುಟ್ತಿದ್ದಿದ್ದು."

ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮಾವನ ದನಿ: "ಯಾಕೆ ಸುಮ್ಮನಾದೆ? ಅರ್ಥವಾಗ್ಲಿಲ್ವಾ? ಇನ್ನೊಂದ್ಸಲ ಹೇಳ್ಲಾ?"

ಗವಸು

ಎಂಟನೆಯ ದಿನ ಪಕ್ಕದ ಮನೆಯ ಡಚ್ ಅಜ್ಜಿ ಬಟಾಣಿ ಸೂಪು ಹಿಡಿದು ಬಂದರು. ಎರಡೂ ಕೈ ಚಾಚಿದವರನ್ನು ಬಾಗಿಲಲ್ಲೇ ತಡೆದು ಅದೇ ಪಾಠ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, ಸೂಪನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು. ಪಾಪ, ಮನಸ್ಸು ನೋಯಿಸಿದೆನಲ್ಲ ಅಂತ ಬಾಗಿಲಲ್ಲೇ ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಮೊಣಕಾಲಿನವರೆಗೆ ಮಳೆಕೋಟು, ತಲೆಗೆ ಸ್ನಾನದ ಪ್ಲಾಸ್ಟಿಕ್ ಟೋಪಿ, ಕೈಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗವಸು.

"ಈಗ ಮುಟ್ಟಿದ ಹಾಗಾಗಲ್ಲ ತಾನೇ?" ಅಂದವರೇ ತಬ್ಬಿಕೊಂಡರು.

ಅಮ್ಮ ಹೋದ ಮೇಲೆ ಮೊದಲ ಸಲ ಅತ್ತೆ. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಅವರ ಹೆಗಲೆಲ್ಲ ಒದ್ದೆಯಾಗಿದ್ದು ಕಂಡು ನಾಚಿ ಹಿಂದೆ ಸರಿಯಹೋದರೆ, ಅಜ್ಜಿ ಬಿಡಲಿಲ್ಲ.

"ಅತ್ತುಬಿಡು ಮಗಾ," ಅಂದರು, "ಕೋಟು ವಾಟರ್‌ಪ್ರೂಫ್."