ನಡುಗುವ ಕಾರೂ ನನ್ನ ಪಾಂಡಿತ್ಯವೂ

ಬ್ರೇಕ್ ಒತ್ತಿದಾಗಲೆಲ್ಲ ಮಲೇರಿಯಾ ರೋಗಿಯ ಹಾಗೆ ಗಡಗಡ ನಡುಗುವ ನಮ್ಮ ಹಳೇ ಕಾರಿನ ಕಾಯಿಲೆಯನ್ನು ನಾನೇ ಕಂಡುಹಿಡಿಯುತ್ತೇನೆ ಎಂದು ಭೀಷ್ಮಪ್ರತಿಜ್ಞೆ ಮಾಡಿದಾಗ, ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಡತಿ ನೀತಾ ಮೆಂತ್ಯಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಳು.

"ಜೇಜುರಿ ದೇವರಿಗೆ ಹೋಗೂದ್ರಾಗ ಸರಿ ಆಗ್ಬೇಕ್ರಿ. ಇಲ್ಲಾಂದ್ರ ಮಾರಿಬಿಡೂಣು. ನಡಗೂ ಗಾಡ್ಯಾಗ ಘಾಟ್ ಇಳಿಲಿಕ್ಕೆ ನಾ ಬರಂಗಿಲ್ಲ."

ಮಾರುವುದೇ! ನನ್ನ ಮೊದಲ ಕಾರು ಸ್ವಾಮಿ ಅದು! ಅದು ಮನೆಗೆ ಬಂದ ದಿನ ನಾನು ಆನಂದದಿಂದ ಅತ್ತಿದ್ದೆ. ಮದುವೆಯ ದಿನವೂ ಅಷ್ಟು ಅತ್ತಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾದೆ. ಮೊದಲು ಟೈರಿನ ಮೇಲೆ ಗುಮಾನಿ. ಮುಂದಿನದನ್ನು ಹಿಂದಕ್ಕೆ ಹಾಕಿಸಿದೆ. ನಡುಗಿತು. ಚಕ್ರಗಳ ತೂಕ ಸರಿಮಾಡಿಸಿದೆ. ಇನ್ನೂ ಹುರುಪಿನಿಂದ ನಡುಗಿತು. ಕೊನೆಗೆ ಡಿಸ್ಕ್, ಅಂದರೆ ಬ್ರೇಕು ಹಿಡಿದುಕೊಳ್ಳುವ ಆ ಕಬ್ಬಿಣದ ತಟ್ಟೆ, ಸೊಟ್ಟಗಾಗಿದೆ ಎಂದು ಘೋಷಿಸಿ ಹೊಸದು ಹಾಕಿಸಿದೆ. ಕಾರು ಬೆಣ್ಣೆಯ ಹಾಗೆ ನಿಂತಿತು! ತಳೇಗಾಂವದ ಆಫೀಸಿಗೆ ಎದೆಯುಬ್ಬಿಸಿ ಹೋಗಿಬಂದೆ. ಮರುದಿನ ಬೆಳಿಗ್ಗೆ ಮತ್ತೆ ಗಡಗಡ. ಇನ್ನೊಮ್ಮೆ ಹೊಸ ಡಿಸ್ಕ್ ಹಾಕಿಸಿದರೂ ಅದೇ ಕಥೆ. ಊಟ ಸೇರದಾಯಿತು. ನಿದ್ದೆಯಲ್ಲಿ ಬ್ರೇಕ್ ಒತ್ತಿ ನೀತಾಳನ್ನು ಒದ್ದೆ. ಕಾರನ್ನು ಯಾರೋ ಕೊಂಡೊಯ್ದಂತೆ ಕನಸು ಬಿದ್ದು ಎದ್ದು ಕೂತೆ.

ಜೇಜುರಿಗೆ ಹೊರಡುವ ದಿನ ಬೆಳಿಗ್ಗೆ ಹತಾಶನಾಗಿ ಮತ್ತೊಂದು ಜೊತೆ ಡಿಸ್ಕ್ ಹಾಕಿಸಿದೆ. ಪವಾಡ! ವಾಪಸು ಬರುವಾಗ ಘಾಟಿನ ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಇದ್ದೆ, ನೀತಾ ಗೊರಕೆ ಹೊಡೆಯುತ್ತಲೇ ಇದ್ದಳು. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? ಮನೆ ಮುಂದೆ ಇಳಿಯುತ್ತ, ಕಾರು ಇರಲಿ ಬಿಡಿ ಎಂದಳು.

ದಿನವೂ ಕಾರು ನಿಲ್ಲಿಸಿದವನೇ ಚಹಾದ ಆಸೆಗೆ ಒಳಗೆ ಓಡುವ ನಾನು, ಅಂದು ಅದರ ಬೆನ್ನು ಸವರುತ್ತ ಅಲ್ಲೇ ನಿಂತೆ. ಆಗ, ವಿಜಯಪುರ ಬಿಟ್ಟು ಬಂದು ನಮ್ಮೊಡನಿರುವ ಅವ್ವ, ಭೀಮವ್ವ, ಮನೆಯೊಳಗಿಂದ ಬಕೆಟ್ಟು ತಂಬಿಗೆ ಹಿಡಿದು ಬಂದಳು. "ಏಳುಕೋಟಿಗೋ" ಎಂದು ಜೇಜುರಿ ದೇವರನ್ನು ನೆನೆಯುತ್ತ ಮುಂದಿನ ಚಕ್ರಗಳಿಗೆ ತಣ್ಣೀರು ಸುರಿದಳು. ಚುಂಯ್ ಎಂದು ಹಬೆಯೆದ್ದಿತು. ನನ್ನ ಜೀವವೂ ಅದರೊಟ್ಟಿಗೆ ಹಾರಿತು.

"ಅವ್ವಾ, ಏನ್ ಮಾಡ್ಲಿಕತ್ತಿ?"

"ದೂರಿಂದ ಬಂದಾರಿಗೆ ಕಾಲಿಗೆ ನೀರ್ ಕೊಡಬಾರದೇನಪಾ? ದಿನಾ ಕೊಡ್ತೀನಿ. ನೀ ಒಳಗ ಹೋಗಿರ್ತಿ."

ಕಾದ ಹಂಚಿಗೆ ತಣ್ಣೀರು ಹೊಯ್ದರೆ ಹೇಗೆ ಸೊಟ್ಟಗಾಗುತ್ತದೋ ಬಿಸಿ ಡಿಸ್ಕಿಗೂ ಅದೇ ಗತಿ ಎಂದು ಕಣ್ಣೀರು ತುಂಬಿಕೊಂಡು ಉಪನ್ಯಾಸ ಕೊಟ್ಟೆ. ಅವ್ವ ಪೂರ್ತಿ ಕೇಳಿದಳು. ಕಾರಿನ ಮೇಲೆ ಅವಳಿಗೆ ನಿಜವಾಗಿ ಕರುಣೆ ಬಂತು.

"ತಪ್ಪಾತು ಯಪ್ಪಾ. ನಾಳಿಂದ ಬಿಸಿನೀರ ಕೊಡ್ತೀನಿ."

ಮರುದಿನ ನಡುಗಿದ ಕಾರಿಗೆ ಮತ್ತೊಮ್ಮೆ ಡಿಸ್ಕ್ ಬಂತು. ಈಗ ಅದು ಕಲ್ಲಿನ ಹಾಗೆ ಅಲುಗದೆ ನಿಲ್ಲುತ್ತದೆ. ಆದರೆ ಸಂಜೆ ಗೀಸರಿನ ನೀರೆಲ್ಲ ಅದರ ಪಾದಕ್ಕೇ ಅರ್ಪಣೆ. ಪುಣೆಯ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿ, ಹಲ್ಲು ಕಟಕಟ ಕಡಿಯುತ್ತ ನೀತಾಳ ಮುಂದೆ ಗೋಳು ತೋಡಿಕೊಂಡೆ. ಅವಳು ಟವೆಲ್ ಕೊಟ್ಟಳು.

"ನೀವು ನಡಗಿದ್ರ ನಡೀತದ್ರಿ," ಎಂದಳು. "ನಿಮ್ಮನ್ನ ಮಾರೂಣಂದ್ರೂ ಯಾರೂ ತಗೊಳ್ಳಂಗಿಲ್ಲ."